ಕಾವೇರಿಯಲ್ಲಿ ಈಜಲು ಇಳಿಯುವ ಮುನ್ನ ನಾವು ನೀರು ಅಳೆಯುವ ಬಗೆ

ಶ್ರೀರಂಗಪಟ್ಟಣದ ಸುತ್ತ ಹೊಳೆಗೆ ಈಜಲು ಹೋಗುವವರು ನೀರನ್ನು ಕಣ್ಣಲ್ಲೇ ಅಳೆಯುತ್ತಾರೆ. ತಳದ ಕಲ್ಲು ಕಂಡರೆ ಒಳ್ಳೆಯ ನೀರು, ಕೆಂಪಗಿದ್ದರೆ ಕೆಟ್ಟದ್ದು. ಈ ಲೆಕ್ಕ ಅರ್ಧ ಮಾತ್ರ ಸರಿ. ಬೇಸಿಗೆಯಲ್ಲಿ ಹರಿವು ತಗ್ಗಿ ನೀರು ತಿಳಿಯಾದಾಗ ಮೋರಿಯ ಪಾಲು ಹೆಚ್ಚುತ್ತದೆ. ಊರಿನ ಕೊಳಚೆ ವರ್ಷವಿಡೀ ಒಂದೇ ಸಮನೆ ಬರುತ್ತಿರುತ್ತದೆ, ಅದನ್ನು ತೆಳುವಾಗಿಸುವ ಹೊಳೆನೀರು ಮಾತ್ರ ಆಗ ಕಡಿಮೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕೊಟ್ಟ ಮಲಿನ ನದಿಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ಇದ್ದವು. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥ, ಶಿಂಷಾ ನಾಲ್ಕೂ ಅದರಲ್ಲಿವೆ. ಹಾಗೆಂದು ಹೊಳೆ ಎಲ್ಲ ಕಡೆ, ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಎಲ್ಲಿ, ಯಾವಾಗ ಇಳಿಯಬಹುದು ಎಂಬುದನ್ನು ತಿಳಿಯಲೆಂದೇ ನಾವು ಪರೀಕ್ಷೆ ಮಾಡುತ್ತೇವೆ.

ಮೊದಲು ಯಾವ ಅಂಕಿಗೆ ಹೋಲಿಸಬೇಕು ಎಂಬುದು ಖಚಿತವಾಗಿರಲಿ. ಸ್ನಾನದ ನೀರಿಗೆ 2000ನೇ ಇಸವಿಯಲ್ಲಿ ಅಧಿಸೂಚಿಸಿದ ಮಾನದಂಡದ ಪ್ರಕಾರ 100 ಮಿಲಿ ನೀರಿನಲ್ಲಿ ಮಲಮೂಲದ ಕೋಲಿಫಾರಂ (ನೀರಿಗೆ ಮಲ ಬೆರೆತದ್ದನ್ನು ತೋರಿಸುವ ಕರುಳಿನ ಬ್ಯಾಕ್ಟೀರಿಯಾ) 500ರ ಒಳಗಿದ್ದರೆ ಒಳ್ಳೆಯದು, 2500 ದಾಟುವಂತಿಲ್ಲ. ಅಂಥದ್ದೇ ಇನ್ನೊಂದು ಬ್ಯಾಕ್ಟೀರಿಯಾ ಗುಂಪು ಮಲಮೂಲದ ಸ್ಟ್ರೆಪ್ಟೊಕಾಕೈಗೆ ಇದೇ ರೀತಿ 100 ಮತ್ತು 500. ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗೆ ಕಡಿಮೆಯಿರಬಾರದು, ಬಿಓಡಿ (ನೀರಿನ ಕೊಳೆಯನ್ನು ಒಡೆಯಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಮೀರಬಾರದು. ಇವುಗಳಲ್ಲಿ ಈಜುವವರ ಹೊಟ್ಟೆಗೆ ನೇರ ಸಂಬಂಧ ಇರುವುದು ಮೊದಲೆರಡಕ್ಕೆ. ಕರಗಿದ ಆಮ್ಲಜನಕ ಸರಿಯಾಗಿದೆ ಎಂದು ಸಮಾಧಾನ ಪಡಬೇಡಿ. ಕಾವೇರಿ ಬಂಡೆಗಳ ಮೇಲೆ ಬಿದ್ದು ಎದ್ದು ಹರಿಯುವ ಹೊಳೆ, ಗಾಳಿ ಚೆನ್ನಾಗಿ ಬೆರೆಯುತ್ತದೆ. ಮಲದ ಅಂಶ ಜಾಸ್ತಿ ಇದ್ದಾಗಲೂ ಆಮ್ಲಜನಕದ ಅಂಕಿ ಚೆನ್ನಾಗಿಯೇ ಕಾಣಬಹುದು.

ಕುಡಿಯುವ ನೀರಿಗೆಂದು ಸಿಗುವ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿಯನ್ನು ಹೊಳೆಗೂ ಬಳಸುವವರಿದ್ದಾರೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬಿಟ್ಟು, ಕಪ್ಪಾದರೆ ಕೆಟ್ಟ ನೀರು ಎನ್ನುತ್ತಾರೆ. ಹೊಳೆಯ ನೀರು ಹೆಚ್ಚುಕಡಿಮೆ ಯಾವಾಗಲೂ ಕಪ್ಪಾಗುತ್ತದೆ, ಆದ್ದರಿಂದ ಅದು ಏನನ್ನೂ ಬೇರ್ಪಡಿಸಿ ಹೇಳುವುದಿಲ್ಲ. ತಳದ ಕೆಸರಿನಲ್ಲಿ ಸಹಜವಾಗಿರುವ ಗಂಧಕದ ಬ್ಯಾಕ್ಟೀರಿಯಾಗಳೂ ಅದನ್ನು ಕಪ್ಪಾಗಿಸುತ್ತವೆ. ಎಷ್ಟು ಬೇಗ ಕಪ್ಪಾಯಿತು ಎಂಬುದರಿಂದ ಒರಟು ಅಂದಾಜು ಸಿಗುತ್ತದೆ, ಅಷ್ಟೆ. ಈಜುವ ನೀರಿಗೆ ಬೇಕಾದದ್ದು ಎಣಿಕೆ.

ಫಲಿತಾಂಶ ಕೆಡುವುದು ಲ್ಯಾಬಿನಲ್ಲಿ ಅಲ್ಲ, ಹೆಚ್ಚಿನ ಸಲ ಹೊಳೆಯ ದಡದಲ್ಲಿ. ಬಾಟಲಿ 250 ಮಿಲಿಯದು ಸಾಕು, ಗಾಜಿನದು ಅಥವಾ ಕುದಿ ತಡೆಯುವ ಪಾಲಿಪ್ರೊಪಿಲೀನ್. ಬಾಯಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಆಟೋಕ್ಲೇವ್ ಮಾಡಿರಬೇಕು, ಅಂದರೆ ಒತ್ತಡದ ಹಬೆಯಲ್ಲಿಟ್ಟು ಕ್ರಿಮಿಗಳನ್ನು ಕೊಂದಿರಬೇಕು. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ಬಗ್ಗಿ ತುಂಬಿದ ನೀರು ಮೆಟ್ಟಿಲಿನ ಕಥೆ ಹೇಳುತ್ತದೆ, ನಾವು ಈಜುವ ಜಾಗದ್ದಲ್ಲ. ಸೊಂಟದ ಆಳಕ್ಕೆ ಇಳಿದು, ಕಾಲಿನಿಂದ ಎದ್ದ ಕೆಸರು ಹರಿದುಹೋಗುವವರೆಗೆ ನಿಂತು, ಹರಿವಿಗೆ ಎದುರಾಗಿ ಬಾಟಲಿ ಹಿಡಿದು, ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಕೆಳಗೆ ಮುಚ್ಚಳ ತೆಗೆಯಬೇಕು. ಕೆಸರಿನ ವಿಷಯ ಸಣ್ಣದಲ್ಲ. ಮಲದ ಬ್ಯಾಕ್ಟೀರಿಯಾ ತಳದ ಮಣ್ಣಿನಲ್ಲಿ ಬಿಸಿಲು ತಾಗದೆ ನೀರಿಗಿಂತ ಹೆಚ್ಚು ದಿನ ಬದುಕುತ್ತವೆ, ಕಲಕಿದರೆ ಅಂಕಿ ಏರುತ್ತದೆ. ಬಾಟಲಿಯಲ್ಲಿ ಎರಡು ಮೂರು ಸೆಂಟಿಮೀಟರ್ ಖಾಲಿ ಬಿಡಿ, ಇಲ್ಲದಿದ್ದರೆ ಆಮೇಲೆ ಕುಲುಕಲು ಆಗುವುದಿಲ್ಲ. ನಲ್ಲಿನೀರು ತುಂಬುವ ಬಾಟಲಿಗೆ ಕ್ಲೋರಿನ್ ತಡೆಯಲು ಹಾಕುವ ಥಯೊಸಲ್ಫೇಟ್ ಇಲ್ಲಿ ಬೇಡ, ಹೊಳೆಯಲ್ಲಿ ಕ್ಲೋರಿನ್ ಇಲ್ಲ.

ಒಂದು ಜಾಗಕ್ಕೆ ಒಂದು ಬಾಟಲಿ ಸಾಲದು. ಮೋರಿ ಅಥವಾ ಹಳ್ಳ ಸೇರುವ ಜಾಗದ ಮೇಲ್ಗಡೆ ಒಂದು, ಕೆಳಗಡೆ ಅದೇ ದಡದಲ್ಲಿ ಒಂದು, ಹರಿವಿನ ನಡುವೆ ಒಂದು. ಮೋರಿಯ ನೀರು ಹೊಳೆ ಸೇರಿದ ಕೂಡಲೇ ಬೆರೆಯುವುದಿಲ್ಲ, ಬಹಳ ದೂರ ಅದೇ ದಡಕ್ಕೆ ಅಂಟಿಕೊಂಡೇ ಹರಿಯುತ್ತದೆ. ಒಂದೇ ಘಟ್ಟದಲ್ಲಿ ಒಂದು ದಡ ಕೆಟ್ಟು ಇನ್ನೊಂದು ದಡ ಚೆನ್ನಾಗಿರುವುದು ಇದರಿಂದಲೇ. ಬಾಟಲಿಯ ಚೀಟಿಯಲ್ಲಿ ಜಾಗ ಮತ್ತು ಹೊತ್ತಿನ ಜೊತೆಗೆ ಕೊನೆಯ ಮಳೆ ಯಾವಾಗ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ದನ ತೊಳೆಯುತ್ತಿದ್ದರೇ, ಬಟ್ಟೆ ಒಗೆಯುತ್ತಿದ್ದರೇ ಎಂದೂ ಬರೆಯಬೇಕು. ಇದಿಲ್ಲದ ಅಂಕಿಯಿಂದ ಮುಂದಿನ ವಾರಕ್ಕೆ ಏನೂ ಗೊತ್ತಾಗದು.

ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಬರಬೇಕು. ಐಸ್ ಕರಗಿದ ನೀರು ಮುಚ್ಚಳದೊಳಗೆ ಇಳಿಯದಂತೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಆರು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಶ್ರೀರಂಗಪಟ್ಟಣದಿಂದ ಮೈಸೂರಿಗೆ ದೂರ ಏನೂ ಇಲ್ಲ, ಆದರೆ ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟ ಬಾಟಲಿ ಆ ಅರ್ಧ ಗಂಟೆಯಲ್ಲೇ ಕೆಡಬಹುದು.

ಎಣಿಕೆಗೆ ನಾವು ಹಿಡಿದಿರುವುದು ಹಳೆಯ ಎಂಪಿಎನ್ ವಿಧಾನ, ಅಂದರೆ ಸಾಲು ನಳಿಕೆಗಳ ಪರೀಕ್ಷೆ. ಬ್ರಾತ್ ಎಂಬ ಪೋಷಕ ದ್ರವವಿರುವ ನಳಿಕೆಗಳಿಗೆ ಬೇರೆ ಬೇರೆ ಪ್ರಮಾಣದ ನೀರು ಹಾಕಿ, ಬ್ಯಾಕ್ಟೀರಿಯಾ ಬೆಳೆದು ಗ್ಯಾಸ್ ಬಂದ ನಳಿಕೆ ಎಷ್ಟು ಎಂದು ನೋಡಿ, ಸಿದ್ಧ ಕೋಷ್ಟಕದಿಂದ ಸಂಖ್ಯೆಯನ್ನು ಅಂದಾಜಿಸುವುದು. ಮಣ್ಣು ಬೆರೆತ ನೀರು ಪೊರೆ ಸೋಸುವ ವಿಧಾನದಲ್ಲಿ ಕಟ್ಟಿಕೊಳ್ಳುತ್ತದೆ, ನಳಿಕೆಗೆ ಆ ತೊಂದರೆ ಇಲ್ಲ. ಸಾಮಾನ್ಯವಾಗಿ ಹೇಳಿಕೊಡುವುದು 10, 1, 0.1 ಮಿಲಿ ನೀರನ್ನು ಐದೈದು ನಳಿಕೆಗೆ ಹಾಕುವ ಕ್ರಮ. ಹೊಳೆಗೆ ಇದು ಆಗದು. ಹದಿನೈದೂ ನಳಿಕೆ ಗ್ಯಾಸ್ ತೋರಿಸಿದರೆ ಕೋಷ್ಟಕ ‘1600ಕ್ಕಿಂತ ಹೆಚ್ಚು’ ಎಂದಷ್ಟೇ ಹೇಳಿ ನಿಲ್ಲುತ್ತದೆ. ನಮಗೆ ಗೊತ್ತಾಗಬೇಕಾದ ಗಡಿ 2500. ಹಾಗಾಗಿ ಒಂದು ಮೆಟ್ಟಿಲು ಕೆಳಗಿಳಿಸಿ 1, 0.1, 0.01 ಮಿಲಿ ತೆಗೆದುಕೊಂಡು, ಕೋಷ್ಟಕದಲ್ಲಿ ಬಂದದ್ದನ್ನು ಹತ್ತರಿಂದ ಗುಣಿಸುತ್ತೇವೆ. ಉದಾಹರಣೆಗೆ 5-5-0 ಬಂದರೆ, ಅಂದರೆ ಮೊದಲೆರಡು ಪ್ರಮಾಣದ ಐದೈದೂ ನಳಿಕೆ ಗ್ಯಾಸ್ ತೋರಿಸಿ ಮೂರನೆಯದರಲ್ಲಿ ಒಂದೂ ತೋರಿಸದಿದ್ದರೆ, ಕೋಷ್ಟಕದಲ್ಲಿ 240, ನಮ್ಮ ಉತ್ತರ 2400. ಮೊದಲ ಮಳೆಯ ನೀರಿಗೆ, ಮೋರಿಯ ಬಾಯಿಯ ನೀರಿಗೆ ಇನ್ನೂ ಒಂದು ಮೆಟ್ಟಿಲು ಇಳಿಯಬೇಕು.

ಈ ಕ್ರಮದಲ್ಲಿ ಇನ್ನೊಂದು ಅನುಕೂಲ: 10 ಮಿಲಿ ನೀರಿಗೆ ಬೇಕಾಗುವ ಎರಡರಷ್ಟು ಗಟ್ಟಿಯ ಬ್ರಾತ್ ಬೇಕಿಲ್ಲ. ಎಲ್ಲ ನಳಿಕೆಗೂ ಮಾಮೂಲಿ ಗಟ್ಟಿಯ ಮ್ಯಾಕಾಂಕಿ ಬ್ರಾತ್ 10 ಮಿಲಿ. ಒಂದು ಬಾಟಲಿಗೆ 15 ನಳಿಕೆ, 150 ಮಿಲಿ ಬ್ರಾತ್. 200 ಮಿಲಿ ಮಾಡಿಟ್ಟುಕೊಂಡರೆ ಚೆಲ್ಲಿದ್ದಕ್ಕೆ ಸರಿಹೋಗುತ್ತದೆ. ತೆಳುಮಾಡಲು ಬರಿಯ ಡಿಸ್ಟಿಲ್ಡ್ ನೀರು ಬಳಸಬಾರದು, ಉಪ್ಪಿಲ್ಲದ ನೀರಿನಲ್ಲಿ ದುರ್ಬಲವಾದ ಬ್ಯಾಕ್ಟೀರಿಯಾ ಸತ್ತು ಅಂಕಿ ತಗ್ಗುತ್ತದೆ. ಲೀಟರಿಗೆ 1 ಗ್ರಾಂ ಪೆಪ್ಟೋನ್ ಕರಗಿಸಿದ ನೀರು ಸಾಕು. ಬಾಟಲಿಯನ್ನು ಇಪ್ಪತ್ತೈದು ಸಲ ಜೋರಾಗಿ ಕುಲುಕಿ, 10 ಮಿಲಿಯನ್ನು 90 ಮಿಲಿ ಪೆಪ್ಟೋನ್ ನೀರಿಗೆ ಹಾಕಿ, ಅದರಿಂದ ಮತ್ತೆ 10 ಮಿಲಿ ಮುಂದಿನ 90ಕ್ಕೆ. ಮೂಲ ನೀರು, ಮೊದಲ ತೆಳು, ಎರಡನೇ ತೆಳು, ಮೂರರಿಂದಲೂ ನಳಿಕೆಗೆ ಒಂದೊಂದು ಮಿಲಿ. ಪ್ರತಿ ಹಂತಕ್ಕೂ ಹೊಸ ಪಿಪೆಟ್.

ಪ್ರತಿ ನಳಿಕೆಯೊಳಗೆ ಗ್ಯಾಸ್ ಹಿಡಿಯುವ ಪುಟ್ಟ ಡರ್ಹಮ್ ನಳಿಕೆ ತಲೆಕೆಳಗಾಗಿ ಇರುತ್ತದೆ. ಆಟೋಕ್ಲೇವಿನಲ್ಲಿ 121 ಡಿಗ್ರಿ, 15 ನಿಮಿಷ, ಅದಕ್ಕಿಂತ ಹೆಚ್ಚು ಬಿಟ್ಟರೆ ಲ್ಯಾಕ್ಟೋಸ್ ಕೆಡುತ್ತದೆ. ಒತ್ತಡವನ್ನು ಅವಸರದಲ್ಲಿ ಇಳಿಸಿದರೆ ಡರ್ಹಮ್ ನಳಿಕೆಯಲ್ಲಿ ಗಾಳಿ ಗುಳ್ಳೆ ಉಳಿದುಬಿಡುತ್ತದೆ, ಮರುದಿನ ಅದನ್ನೇ ಗ್ಯಾಸ್ ಎಂದು ಎಣಿಸುವುದುಂಟು. ನೀರು ಹಾಕುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಗುಳ್ಳೆ ಇದ್ದದ್ದನ್ನು ಬದಿಗಿಡಿ. ಏನೂ ನೀರು ಹಾಕದ ಒಂದು ನಳಿಕೆ ಪ್ರತಿ ಸಲವೂ ಜೊತೆಗಿರಲಿ.

37 ಡಿಗ್ರಿಯಲ್ಲಿ 24 ಗಂಟೆಗೆ ಒಮ್ಮೆ, 48ಕ್ಕೆ ಇನ್ನೊಮ್ಮೆ ನೋಡಬೇಕು. ಬಣ್ಣ ಹಳದಿಗೆ ತಿರುಗಿ ಗ್ಯಾಸ್ ಬಂದದ್ದು ಒಟ್ಟು ಕೋಲಿಫಾರಂನ ಸೂಚನೆ ಮಾತ್ರ. ಗದ್ದೆಯ ಮಣ್ಣು, ಕೊಳೆತ ಎಲೆಯಲ್ಲೂ ಕೋಲಿಫಾರಂ ಇರುತ್ತವೆ. ಬಿಸಿ ರಕ್ತದ ಪ್ರಾಣಿಗಳ ಕರುಳಿನವು ಬೇರ್ಪಡುವುದು 44.5 ಡಿಗ್ರಿಯಲ್ಲಿ. ಗ್ಯಾಸ್ ಬಂದ ಪ್ರತಿ ನಳಿಕೆಯಿಂದ ಒಂದು ಲೂಪ್ (ತಂತಿಯ ಕುಣಿಕೆಯಲ್ಲಿ ನಿಲ್ಲುವಷ್ಟು ಹನಿ) ಇಸಿ ಬ್ರಾತ್ ಎಂಬ ಇನ್ನೊಂದು ಪೋಷಕ ದ್ರವಕ್ಕೆ ಹಾಕಿ, ಆ ಶಾಖದ ವಾಟರ್ ಬಾತಿನಲ್ಲಿ (ಬಿಸಿನೀರಿನ ತೊಟ್ಟಿಯಲ್ಲಿ) 24 ಗಂಟೆ ಇಡಬೇಕು. ಇಡೀ ಕೆಲಸದಲ್ಲಿ ಅತಿ ನಾಜೂಕಾದ ಹಂತ ಇದು. 0.2 ಡಿಗ್ರಿಗಿಂತ ಆಚೀಚೆ ಆಗಬಾರದು. 42ಕ್ಕೆ ಇಳಿದರೆ ಮಣ್ಣಿನವೂ ಗ್ಯಾಸ್ ಕೊಡುತ್ತವೆ, ಮೇಲೇರಿದರೆ ನಿಜವಾದವೂ ಸುಮ್ಮನಾಗುತ್ತವೆ. ಬಾತಿನ ನೀರು ನಳಿಕೆಯೊಳಗಿನ ಬ್ರಾತಿಗಿಂತ ಮೇಲಿರಬೇಕು, ಮುಚ್ಚಳ ಹಾಕಿರಬೇಕು, ಯಂತ್ರದ ಪರದೆಯನ್ನು ನಂಬದೆ ಬೇರೊಂದು ಥರ್ಮಾಮೀಟರ್ ನೀರಿನಲ್ಲಿರಬೇಕು. ರಾತ್ರಿ ಕರೆಂಟ್ ಹೋದರೆ ಯುಪಿಎಸ್ ಇಲ್ಲದ ಬಾತ್ ತಣ್ಣಗಾಗುತ್ತದೆ. ಅಂಥ ಫಲಿತಾಂಶವನ್ನು ಎಸೆದು ಮತ್ತೆ ಮಾಡುವುದೇ ಸರಿ. ಬಳಸಿದ ನಳಿಕೆಗಳನ್ನು ಆಟೋಕ್ಲೇವ್ ಮಾಡದೆ ತೊಳೆಯುವ ತೊಟ್ಟಿಗೆ ಹಾಕಬೇಡಿ.

ಎಂಪಿಎನ್ ಉತ್ತರ ಅಂದಾಜು. ನಿಜವಾದ ಸಂಖ್ಯೆ ಅದರ ಮೂರನೇ ಒಂದು ಪಾಲೂ ಇರಬಹುದು, ಮೂರು ಪಟ್ಟೂ ಇರಬಹುದು. ಆದ್ದರಿಂದ 2400 ಬಂತು, 2500ರ ಒಳಗಿದೆ ಎಂದು ನಾವು ಇಳಿಯುವುದಿಲ್ಲ. 500ರ ಒಳಗೆ ಪದೇಪದೇ ಬರುವ ಜಾಗದಲ್ಲಿ ಈಜು. 500ರಿಂದ 2500ರ ನಡುವೆ ತಲೆ ಮುಳುಗಿಸುವುದಿಲ್ಲ, ಮಕ್ಕಳನ್ನು ಇಳಿಸುವುದಿಲ್ಲ. ಅದಕ್ಕೂ ಮೇಲಾದರೆ ದಡದಲ್ಲೇ.

ಫಲಿತಾಂಶ ಕೈಗೆ ಬರುವಷ್ಟರಲ್ಲಿ ಮೂರು ದಿನವಾಗಿರುತ್ತದೆ, ಹೊಳೆಯಲ್ಲಿ ಆ ನೀರು ಇರುವುದಿಲ್ಲ. ಹಾಗಾಗಿ ಅಂಕಿಗಳನ್ನು ಸೇರಿಸಿ ಓದಿ, ಇವತ್ತಿನ ದಿನಕ್ಕೆ ನಿಯಮ ಮಾಡಿಕೊಳ್ಳಬೇಕು. ನಮ್ಮ ಚೀಟಿಗಳಲ್ಲಿ ಎದ್ದು ಕಾಣುವುದು ಮಳೆ. ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆ ತಿಂಗಳುಗಟ್ಟಲೆ ದಡದಲ್ಲಿ, ಮೋರಿಗಳಲ್ಲಿ, ಕೊಟ್ಟಿಗೆಯ ಸುತ್ತ ಕೂತಿದ್ದದ್ದನ್ನೆಲ್ಲ ಒಮ್ಮೆಗೇ ತಂದು ಹಾಕುತ್ತದೆ. ಜೋರು ಮಳೆಯಾದ ಮೇಲೆ ಮೂರು ದಿನ ನಾವು ಇಳಿಯುವುದಿಲ್ಲ. ಎರಡನೆಯದು ಬಿಸಿಲು. ತಿಳಿ ನೀರಿನಲ್ಲಿ ನೇರ ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಹೀಗಾಗಿ ಬೆಳಗಿನ ಜಾವಕ್ಕಿಂತ ಮಧ್ಯಾಹ್ನದ ಅಂಕಿ ಕಡಿಮೆ. ಕೆಂಪು ನೀರಿನಲ್ಲಿ ಈ ಲಾಭ ಸಿಗದು. ಮೂರನೆಯದು ಜನ. ತುಲಾ ಸಂಕ್ರಮಣ, ಮಹಾಲಯ ಅಮಾವಾಸ್ಯೆ, ಮಕರ ಸಂಕ್ರಾಂತಿಯ ದಿನ ಮತ್ತು ಮರುದಿನ ಸಂಗಮ, ಪಶ್ಚಿಮವಾಹಿನಿ, ಗಂಜಾಂನ ನಿಮಿಷಾಂಬ ದೇವಸ್ಥಾನದ ಮುಂದಿನ ನೀರು ಪೂಜೆಗೆ ಬಂದವರಿಗೆ ಬಿಟ್ಟದ್ದು, ಈಜಿಗಲ್ಲ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಅಂಕಿ ಹೇಗೇ ಇರಲಿ ಇಳಿಯಲೇಬಾರದು. ಬಲಮುರಿ, ಎಡಮುರಿಯ ಕಲ್ಲುಸಂದಿನ ಸುಳಿಗಳು ಯಾವ ಬ್ಯಾಕ್ಟೀರಿಯಾಕ್ಕಿಂತಲೂ ಬೇಗ ಜೀವ ತೆಗೆಯುತ್ತವೆ.

ಕೋಲಿಫಾರಂ ಹೇಳದ ಕಾಯಿಲೆ ಇಲಿ ಜ್ವರ. ಇಲಿ, ದನ, ನಾಯಿಗಳ ಮೂತ್ರದಿಂದ ನೀರಿಗೆ ಬರುವ ಲೆಪ್ಟೊಸ್ಪೈರಾ ನಮ್ಮ ಯಾವ ನಳಿಕೆಯಲ್ಲೂ ಕಾಣುವುದಿಲ್ಲ. ಗಾಯ, ಕಣ್ಣು, ಮೂಗಿನ ಮೂಲಕ ಒಳಹೋಗುತ್ತದೆ. ಕಾಲಲ್ಲಿ ಹಸಿ ಗಾಯವಿದ್ದರೆ ನೀರು ಹೋಗದ ಪಟ್ಟಿ ಹಾಕಿದರೂ ಗದ್ದೆಯ ಬಸಿನೀರು ಸೇರುವ ಜಾಗದಲ್ಲಿ ಇಳಿಯಬಾರದು. ಈಜಿ ಬಂದ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪು ಕಣ್ಣು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಹೊಳೆಗಿಳಿದದ್ದನ್ನು ನೀವೇ ಬಾಯಿಬಿಟ್ಟು ಹೇಳಿ. ಡೆಂಗಿ ಎಂದುಕೊಂಡು ದಿನ ಕಳೆಯುವುದು ಸುಲಭ. ಇಲಿ ಜ್ವರಕ್ಕೆ ಆಂಟಿಬಯೋಟಿಕ್ ಬೇಗ ಶುರುವಾಗಬೇಕು.

ಮೈಸೂರಿನಿಂದ ವಾರಾಂತ್ಯಕ್ಕೆ ಕರಾವಳಿಗೆ ಸರ್ಫಿಂಗ್ ಮಾಡಲು ಹೋಗುವ ಹುಡುಗರು ಇದೇ ಲೆಕ್ಕವನ್ನು ಅಲ್ಲಿಗೂ ಹಾಕುತ್ತಾರೆ. ಹಾಗೆ ಆಗುವುದಿಲ್ಲ. ಸ್ನಾನ ಮತ್ತು ನೀರಾಟದ ಸಮುದ್ರನೀರಿಗೆ ನಮ್ಮ ದೇಶದ ಮಿತಿ 100 ಮಿಲಿಗೆ ಮಲಮೂಲದ ಕೋಲಿಫಾರಂ 100. ಉಪ್ಪುನೀರಿನಲ್ಲಿ ಕೋಲಿಫಾರಂ ಬೇಗ ಸಾಯುತ್ತವೆ, ಹೊಟ್ಟೆ ಕೆಡಿಸುವ ವೈರಸ್‌ಗಳು ಉಳಿಯುತ್ತವೆ, ಹಾಗಾಗಿ ಕಡಿಮೆ ಅಂಕಿಗೂ ಹೆಚ್ಚು ಅರ್ಥವಿದೆ. ಉಪ್ಪು ತಡೆಯುವ ಕರುಳಿನ ಬ್ಯಾಕ್ಟೀರಿಯಾ ಎಂಟರೊಕಾಕೈ ಎಣಿಸುವುದು ಅಲ್ಲಿ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸಮುದ್ರತೀರಕ್ಕೆ ಹಿಡಿದಿರುವುದೂ ಅದನ್ನೇ. ನಂದಿನಿ, ಶಾಂಭವಿ ನದಿಗಳು ಸೇರುವ ಸಸಿಹಿತ್ಲುವಿನಂಥ ಅಳಿವೆಬಾಯಿಗಳಲ್ಲಿ ಮಳೆಯ ನಂತರ ಊರುಗಳ ನೀರೆಲ್ಲ ಅಲೆಯೊಳಗೇ ಬರುತ್ತದೆ, ಮೂರು ದಿನದ ನಿಯಮ ಅಲ್ಲಿಗೂ ಇರಲಿ. ಆ ನೀರನ್ನು ಬಾಟಲಿಯಲ್ಲಿ ತುಂಬಿ ಮಡಿಕೇರಿ ಘಾಟಿ ಹತ್ತಿಸಿ ಮೈಸೂರಿಗೆ ತರುವುದರೊಳಗೆ ಆರು ಗಂಟೆ ದಾಟಿರುತ್ತದೆ. ಮಂಗಳೂರಿನಲ್ಲೇ ಲ್ಯಾಬಿಗೆ ಕೊಟ್ಟು, ಎಂಟರೊಕಾಕೈ ಬೇಕೆಂದು, ಅದು ಸಮುದ್ರದ ನೀರೆಂದು ಬರೆದುಕೊಡಿ.