‘ಸೂಪರ್’ ಅನ್ನದೆ ಫೋಟೊ ನೋಡುವುದು ಹೇಗೆ?

ನಾಲ್ಕೈದು ಹವ್ಯಾಸಿ ಛಾಯಾಗ್ರಾಹಕರು ಸೇರಿ, ಒಬ್ಬರದನ್ನೊಬ್ಬರು ನೋಡಿ ಟೀಕಿಸಲು ತಲಾ 2 ಚಿತ್ರ ತನ್ನಿ. ಮೊಬೈಲಿನಲ್ಲಿ ಬೇಡ, ಅಂಚುಗಳ ತಪ್ಪು ಕಣ್ಣಿಗೆ ಬೀಳುವುದಿಲ್ಲ; 8×12 ಇಂಚಿನ ಪ್ರಿಂಟ್ ಇರಲಿ.

ತೆಗೆದವರು ಮೊದಲ 3 ನಿಮಿಷ ಬಾಯಿ ಬಿಡಬಾರದು. ‘ಅಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ’ ಎಂದ ಕೂಡಲೇ ಉಳಿದವರು ಚಿತ್ರ ಬಿಟ್ಟು ನಿಮ್ಮ ಕಷ್ಟ ನೋಡತೊಡಗುತ್ತಾರೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಜಾರಿತು ಎಂದು ಪ್ರತಿಯೊಬ್ಬರೂ ಬೆರಳಿಟ್ಟು ತೋರಿಸಲಿ.

ಹೂ ಮಾರುವಾಕೆಯ ಚಿತ್ರ ಎಂದುಕೊಳ್ಳಿ. ಮುಖದ ಬೆಳಕು ಹದವಾಗಿದೆ. ಆದರೆ ತಲೆಯಿಂದಲೇ ಲೈಟುಕಂಬ ಎದ್ದಂತಿದೆ, ಬಲ ಅಂಚಿನಲ್ಲಿ ಬಿಳಿ ಪ್ಲಾಸ್ಟಿಕ್ ಚೀಲ ಹೊಳೆಯುತ್ತಿದೆ. ಹೊಳೆಯುವ ಕಡೆಗೇ ಕಣ್ಣು ಓಡುವುದು. ‘ಎಲ್’ ಆಕಾರದ ಎರಡು ಕಪ್ಪು ರಟ್ಟುಗಳನ್ನು ಪ್ರಿಂಟಿನ ಮೇಲೆ ಸರಿಸಿ ನೋಡಿ: ಅಂಚು ಕತ್ತರಿಸಿದರೆ (ಕ್ರಾಪ್) ಚೀಲ ಹೋಗುತ್ತದೆ. ಕಂಬ ಹೋಗುವುದಿಲ್ಲ, ತೆಗೆಯುವಾಗಲೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು.

ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಆ ಗೆರೆಗಳ ಮೇಲಿಡುವುದು ‘ಮೂರನೇ ಒಂದರ ನಿಯಮ’. ಅದನ್ನು ‘ಪಾಲಿಸಿಲ್ಲ’ ಎಂದಷ್ಟೇ ಹೇಳುವುದು ಟೀಕೆಯಲ್ಲ, ಸೋಮಾರಿತನ. ವಸ್ತು ಮಧ್ಯದಲ್ಲಿದ್ದರೆ ಏನು ಕೆಟ್ಟಿತು ಎಂದು ಹೇಳಬೇಕು. ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ವಾದ ಬೇಡ. ವಾರದೊಳಗೆ ಅದೇ ಹೊತ್ತಿಗೆ ಅಲ್ಲಿಗೇ ಹೋಗಿ 10 ಫ್ರೇಮ್ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ಮತ್ತೆ ತೋರಿಸಿ.