ಮಾತ್ರೆ ಹೊಟ್ಟೆಗೆ ಹೋಯಿತು, ಮೂಳೆಗೆ ಹೋಯಿತೇ?

ಮಂಡಿ ಸವೆದು ನೋಯುವುದು ಬೇರೆ, ಮೂಳೆ ಒಳಗೊಳಗೇ ಟೊಳ್ಳಾಗುವುದು ಬೇರೆ. ಈ ಎರಡನೆಯದೇ ಆಸ್ಟಿಯೋಪೊರೋಸಿಸ್. ಮೂಳೆ ಮುರಿಯುವವರೆಗೂ ಅದು ನೋಯುವುದಿಲ್ಲ. ಮುಟ್ಟು ನಿಂತ ಮೇಲಿನ ಐದಾರು ವರ್ಷ ಹೆಂಗಸರಲ್ಲಿ ಮೂಳೆ ಬಹಳ ಬೇಗ ಕರಗುತ್ತದೆ.

1. ತಟ್ಟೆ

ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಎರಡು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ 450ರ ಆಸುಪಾಸು. ಉಳಿದದ್ದಕ್ಕೆ ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿ ಸಾರು, ಎಳ್ಳಿನ ಚಟ್ನಿ. ಪಾಲಕ್ ಲೆಕ್ಕಕ್ಕಿಲ್ಲ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ. ರಾಗಿ ಬಿಸ್ಕತ್ತು ಕೊಳ್ಳುವ ಮುನ್ನ ಪೊಟ್ಟಣ ತಿರುಗಿಸಿ ನೋಡಿ: ಪಟ್ಟಿಯಲ್ಲಿ ಮೈದಾ, ಸಕ್ಕರೆ ಮೊದಲಿದ್ದರೆ ಅಲ್ಲೇ ಇಟ್ಟು ಬನ್ನಿ.

2. ಬಿಸಿಲು

ಬೆಳಗಿನ ಆರೂವರೆಯ ಎಳೆಬಿಸಿಲಿನಿಂದ ವಿಟಮಿನ್ ಡಿ ಹುಟ್ಟುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಿರಬೇಕು, ಅಂದರೆ ಹಪ್ಪಳ ಒಣಗಿಸುವ ಹೊತ್ತು. ಕೈಕಾಲಿಗೆ ಹದಿನೈದಿಪ್ಪತ್ತು ನಿಮಿಷ ಬಿದ್ದರೆ ಸಾಕು. ಕಿಟಕಿ ಗಾಜಿನ ಹಿಂದೆ ಕೂತರೆ ಬರೀ ಶಾಖ.

3. ಮಾತ್ರೆ

ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ಓದಿ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಕರುಳು ಒಂದು ಸಲಕ್ಕೆ ಸರಿಯಾಗಿ ಹೀರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡು ಬರೆದುಕೊಟ್ಟಿದ್ದರೆ ಮಧ್ಯಾಹ್ನ ಒಂದು, ರಾತ್ರಿ ಒಂದು, ಒಟ್ಟಿಗೆ ನುಂಗಬೇಡಿ. ಊಟದಲ್ಲೇ ಸಾಕಷ್ಟು ಸಿಗುತ್ತಿದ್ದರೆ ಮಾತ್ರೆಯೇ ಬೇಡ.

ಕಾರ್ಬೊನೇಟ್ ಕರಗಲು ಹೊಟ್ಟೆಯ ಹುಳಿ ಬೇಕು, ಆದ್ದರಿಂದ ಊಟವಾದ ಕೂಡಲೇ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಆ ಹುಳಿಯೇ ಕಡಿಮೆ. ಅಂಥವರು ಡಾಕ್ಟರನ್ನು ಕೇಳಿ, ಹುಳಿ ಇಲ್ಲದೆಯೂ ಕರಗುವ ಕ್ಯಾಲ್ಸಿಯಂ ಸಿಟ್ರೇಟ್ ಬರೆಸಿಕೊಳ್ಳುವುದೇ ಸರಿ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ.

ಡಿ ವಿಟಮಿನ್‌ನ 60,000 ಯೂನಿಟ್ ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ವರ್ಷವಿಡೀ ತರುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ದಾಹ, ಮೂತ್ರಪಿಂಡದ ಕಲ್ಲು ಎಲ್ಲಕ್ಕೂ ಅದು ದಾರಿ.

ಮೂಳೆ ಆಗಲೇ ಟೊಳ್ಳಾದವರಿಗೆ ಕೊಡುವ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಇನ್ನೂ ನಾಜೂಕು. ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ನಲ್ಲಿನೀರಿನ ಜೊತೆ ನುಂಗಿ. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಮೈಸೂರಿನವರಿಗೆ ಕಷ್ಟವೇ, ಆದರೆ ಫಿಲ್ಟರ್ ಕಾಫಿಯೊಟ್ಟಿಗೆ ಇಳಿಸಿದರೆ ಆ ವಾರದ ಮಾತ್ರೆ ದಂಡ. ಮತ್ತೆ ಮಲಗಲೂ ಬಾರದು: ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ.

4. ನಡಿಗೆ

ದಿನಾ ಅರ್ಧ ಗಂಟೆ, ಕುಕ್ಕರಹಳ್ಳಿ ಕೆರೆ ಏರಿಯಾದರೂ ಸರಿ, ಗದ್ದೆ ಬದುವಾದರೂ ಸರಿ, ಚುರುಕಾಗಿ. ಮೈಭಾರ ಕಾಲಿನ ಮೇಲೆ ಬೀಳಬೇಕು. ಈಜಿನಿಂದ ಮೂಳೆಗೆ ಆ ಭಾರ ಸಿಗುವುದಿಲ್ಲ. ಬೆನ್ನುಮೂಳೆ ಒಮ್ಮೆ ಕುಸಿದಿದ್ದವರು ಪಾದಹಸ್ತಾಸನದಂಥ ಮುಂದೆ ಬಾಗುವ ಆಸನಗಳನ್ನು ಬಿಟ್ಟೇಬಿಡಿ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹತ್ತಿದರೂ ಇಳಿಯುವಾಗ ಬಸ್ಸು ಹಿಡಿಯಿರಿ.

5. ಪರೀಕ್ಷೆ

65 ದಾಟಿದ ಹೆಂಗಸರು, ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ನುಂಗಿದವರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಉಚಿತ ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಒತ್ತಿ ಕೊಡುವ ಚೀಟಿ ನಂಬಿ ಔಷಧ ಶುರುಮಾಡಬೇಡಿ.

6. ಬಚ್ಚಲು

ಇಲ್ಲಿ ಜಾರಿ ಬಿದ್ದರೆ ಟೊಳ್ಳು ಮೂಳೆ ಮುರಿಯುತ್ತದೆ. ಪಾಚಿ ಉಜ್ಜಿಸಿ, ರಾತ್ರಿ ಸಣ್ಣ ದೀಪ ಉರಿಯಲಿ. ಟವೆಲ್ ರಾಡ್ ಹಿಡಿದು ಏಳಬೇಡಿ, ಮೊಳೆ ಸಮೇತ ಕಿತ್ತು ಬರುತ್ತದೆ. ಕಮೋಡಿನ ಪಕ್ಕದ ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕೆ ಹಾಕಿಸಿ.