ತುಂಡಾದ ಬೆರಳನ್ನು ಉಳಿಸಿಕೊಳ್ಳುವುದು ಹೇಗೆ?

ಪೀಣ್ಯದ ಪವರ್ ಪ್ರೆಸ್‌ನಲ್ಲಿ, ಮರ ಕೊಯ್ಯುವ ಅಂಗಡಿಯಲ್ಲಿ, ರಸ್ತೆಬದಿಯ ಕಬ್ಬಿನ ಹಾಲಿನ ಯಂತ್ರದಲ್ಲಿ ಬೆರಳು ಹೋಗಲು ಒಂದು ಕ್ಷಣ ಸಾಕು. ಅದನ್ನು ಮತ್ತೆ ಜೋಡಿಸಲು ಪ್ಲಾಸ್ಟಿಕ್ ಸರ್ಜನ್‌ಗೆ ಹಲವು ಗಂಟೆ ಬೇಕು. ಆದರೆ ಬೆರಳು ಉಳಿಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಪರೇಷನ್ ಥಿಯೇಟರಿಗಿಂತ ಮೊದಲೇ, ಪಕ್ಕದಲ್ಲಿದ್ದವರ ಕೈಯಲ್ಲೇ ತೀರ್ಮಾನವಾಗುತ್ತದೆ.

ಮೊದಲು ಮನುಷ್ಯ, ಆಮೇಲೆ ಬೆರಳು. ಯಂತ್ರದ ಮೇನ್ ಸ್ವಿಚ್ ಆರಿಸಿ. ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆತ್ತಿ. ಹತ್ತು ನಿಮಿಷ ಬಟ್ಟೆ ತೆಗೆದು ನೋಡಬೇಡಿ. ದಾರ, ವೈರ್, ರಬ್ಬರ್ ಬ್ಯಾಂಡ್ ಬಿಗಿದರೆ ಉಳಿದಿರುವ ನರ ಮತ್ತು ರಕ್ತನಾಳಗಳೂ ನಜ್ಜುಗುಜ್ಜಾಗುತ್ತವೆ. ಅರಿಶಿನ, ಕಾಫಿಪುಡಿ ಖಂಡಿತ ಬೇಡ. ಕೈ ಊದಿಕೊಳ್ಳುವ ಮುಂಚೆ ಉಂಗುರ ತೆಗೆಯಿರಿ. ಅರಿವಳಿಕೆ ಕೊಡಬೇಕಾಗುವುದರಿಂದ ಊಟ, ಕಾಫಿ, ನೀರು ಏನೂ ಕೊಡಬೇಡಿ. ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಆ ಎಳೆಯೊಳಗೆ ರಕ್ತನಾಳ ಉಳಿದಿರಬಹುದು.

ಇನ್ನು ತುಂಡು. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಗಾಬರಿಯಲ್ಲಿ ಅದನ್ನು ನೇರ ಐಸ್ ಮೇಲೆ ಇಡುತ್ತಾರೆ, ಇಲ್ಲವೇ ನೀರಿನ ಲೋಟದಲ್ಲಿ ಮುಳುಗಿಸುತ್ತಾರೆ. ಐಸ್ ತಾಗಿದ ಕಡೆ ಜೀವಕೋಶಗಳು ಹೆಪ್ಪುಗಟ್ಟಿ ಒಡೆಯುತ್ತವೆ, ನೀರಿನಲ್ಲಿ ನೆನೆದ ಅಂಗಾಂಶ ಉಬ್ಬುತ್ತದೆ. ಎರಡರಲ್ಲೂ ರಕ್ತನಾಳದ ಒಳಪದರ ಕೆಟ್ಟು, ಜೋಡಿಸಿದ ಮೇಲೆ ರಕ್ತ ಗಡ್ಡೆಕಟ್ಟುತ್ತದೆ. ಸರಿಯಾದ ಕ್ರಮ ಇಷ್ಟೇ: ಎಣ್ಣೆ, ಮರದ ಪುಡಿ ಅಂಟಿದ್ದರೆ ಸಲೈನ್‌ನಿಂದ (ಡ್ರಿಪ್‌ಗೆ ಬಳಸುವ ಶುದ್ಧ ಉಪ್ಪುನೀರು) ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಲ್ಲಿ (ಗಾಯಕ್ಕೆ ಕಟ್ಟುವ ತೆಳು ಜಾಳಿಗೆ ಬಟ್ಟೆ) ಸುತ್ತಿ. ನೀರು ಸೋರದ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ಆ ಕವರನ್ನು ಅರ್ಧ ಐಸ್, ಅರ್ಧ ನೀರಿರುವ ಇನ್ನೊಂದು ಕವರಿನಲ್ಲೋ ಡಬ್ಬದಲ್ಲೋ ಇಡಿ. ಹೆಸರು ಮತ್ತು ಬೆರಳು ತುಂಡಾದ ಸಮಯವನ್ನು ಮೇಲೆ ಬರೆಯಿರಿ. ಎಷ್ಟೇ ಜಜ್ಜಿಹೋಗಿದ್ದರೂ ಎಸೆಯಬೇಡಿ. ಅದರ ಚರ್ಮವಾದರೂ ಬೇರೆ ಬೆರಳಿಗೆ ಬಳಕೆಯಾದೀತು.

ಹೀಗೆ ತಂಪಾಗಿಟ್ಟ ಬೆರಳಿಗೆ ಸುಮಾರು 24 ಗಂಟೆ ಅವಕಾಶವಿದೆ, ಹಾಗೆಯೇ ಬಿಟ್ಟರೆ 12 ಗಂಟೆ. ಮಣಿಕಟ್ಟಿನಿಂದ ಮೇಲೆ ತುಂಡಾದರೆ ಮಾಂಸಖಂಡ ಬೇಗ ಸಾಯುವುದರಿಂದ, ತಂಪಾಗಿಡದಿದ್ದರೆ ಸಿಗುವುದು ಆರು ಗಂಟೆ ಮಾತ್ರ. ತುಮಕೂರು ರಸ್ತೆಯ ಟ್ರಾಫಿಕ್‌ಗೆ ಸಿಕ್ಕುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ‘ಮೈಕ್ರೋಸರ್ಜರಿ (ಮೈಕ್ರೋಸ್ಕೋಪಿನಡಿ ಸಣ್ಣ ನಾಳ ಹೊಲಿಯುವ) ತಂಡ ಈಗ ಲಭ್ಯವಿದೆಯೇ?’ ಎಂದು ಕೇಳಿ. ಬರೀ ಹೊಲಿಗೆ ಹಾಕುವ ನರ್ಸಿಂಗ್ ಹೋಮ್‌ಗೆ ಹೋದರೆ ಅಮೂಲ್ಯ ಸಮಯ ಪೋಲು. ರಕ್ತ ನಿಲ್ಲದಿದ್ದರೆ ಮಾತ್ರ ಹತ್ತಿರದ ಆಸ್ಪತ್ರೆಯೇ ಮೊದಲು. ಆಂಬ್ಯುಲೆನ್ಸ್‌ಗೆ 108.

ಆಪರೇಷನ್‌ನಲ್ಲಿ ಮೂಳೆಯನ್ನು ಸ್ವಲ್ಪ ಗಿಡ್ಡ ಮಾಡಿ, ಸಣ್ಣ ಕಂಬಿಯಿಂದ ಬಿಗಿಯುತ್ತಾರೆ. ಹೀಗೆ ಮಾಡಿದರೆ ರಕ್ತನಾಳಗಳನ್ನು ಎಳೆಯದೆ ಹೊಲಿಯಬಹುದು. ನಂತರ ಸ್ನಾಯುರಜ್ಜು, ಅಪಧಮನಿ, ನರ, ಅಭಿಧಮನಿ. ಒಂದು ಮಿಲಿಮೀಟರ್ ಅಗಲದ ನಾಳಕ್ಕೆ ಕೂದಲಿಗಿಂತ ತೆಳುವಾದ ದಾರ, ಮೈಕ್ರೋಸ್ಕೋಪಿನಡಿ. ಹೆಬ್ಬೆರಳನ್ನು ಹೀಗೆ ಮೊದಲು ಜೋಡಿಸಿದ್ದು 1965ರಲ್ಲಿ, ಜಪಾನಿನಲ್ಲಿ.

ಎಲ್ಲ ಬೆರಳನ್ನೂ ಜೋಡಿಸುವುದು ಸರಿಯಲ್ಲ. ಹೆಬ್ಬೆರಳು, ಒಂದಕ್ಕಿಂತ ಹೆಚ್ಚು ಬೆರಳು, ಮಕ್ಕಳ ಯಾವ ಬೆರಳಾದರೂ ಪ್ರಯತ್ನ ಮಾಡಲೇಬೇಕು. ವಯಸ್ಕರಲ್ಲಿ ಒಂದೇ ಬೆರಳು ಬುಡದ ಹತ್ತಿರ ಹೋಗಿದ್ದರೆ, ಜೋಡಿಸಿದರೂ ಮಡಚಲಾಗದ ಗಟ್ಟಿ ಬೆರಳು ಉಳಿದು ಉಳಿದವುಗಳ ಹಿಡಿತಕ್ಕೂ ಅಡ್ಡಿಯಾದೀತು. ಡ್ರಿಲ್ಲಿಂಗ್ ಯಂತ್ರಕ್ಕೆ ಗ್ಲೌಸ್ ಸಿಕ್ಕಿ ಕಿತ್ತುಬಂದ ಬೆರಳಲ್ಲಿ ನಾಳಗಳು ಒಳಗೇ ಹರಿದಿರುತ್ತವೆ. ಚೂಪಾದ ಬ್ಲೇಡಿನ ಗಾಯಕ್ಕಿಂತ ಅದು ಕಷ್ಟ. ಸರ್ಜನ್ ಬೇಡವೆಂದರೆ ಕಾರಣ ಕೇಳಿ, ಆದರೆ ಒತ್ತಾಯ ಮಾಡಬೇಡಿ.

ಮೊದಲ ಕೆಲವು ದಿನ ಬೆರಳಿನ ಬಣ್ಣವನ್ನೇ ಗಮನಿಸಬೇಕು. ಬಿಳಿಚಿ ತಣ್ಣಗಾದರೆ ರಕ್ತ ಒಳಬರುತ್ತಿಲ್ಲ, ನೀಲಿಯಾಗಿ ಊದಿದರೆ ಹೊರಹೋಗುತ್ತಿಲ್ಲ. ಎರಡಕ್ಕೂ ತಕ್ಷಣ ನರ್ಸನ್ನು ಕರೆಯಿರಿ. ಬೀಡಿ, ಸಿಗರೇಟು ನಾಳಗಳನ್ನು ಸಂಕುಚಿಸುತ್ತವೆ. ಪಕ್ಕದವರ ಹೊಗೆಯೂ ಬೇಡ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಹೀಗಾಗಿ ತುದಿಗೆ ಸ್ಪರ್ಶ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯತನಕ ಕುಕ್ಕರು, ಇಸ್ತ್ರಿಪೆಟ್ಟಿಗೆಯ ಬಿಸಿ ನೋಡಲು ಇನ್ನೊಂದು ಕೈ ಬಳಸಿ.